ತಾಳಿಕೆ ನಾಲ್ಕು

"ಗಾಜಿಗೆ ಸುಳ್ಳು ಹೇಳಾಕ ಬರ್ತೈತೇನು?"

ನೀಲಾಂಬಿಕಾ ಈ ಮಾತನ್ನು ಯಾರನ್ನೂ ಕೇಳಿರಲಿಲ್ಲ. ತಂಪುಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಆ ಹೊತ್ತಿಗೆ ಅವಳೊಬ್ಬಳೇ ಇದ್ದಳು. ಎದುರಿಗೆ ಗೋಡೆಯಗಲದ ಪರದೆ. ಅದರ ಮೇಲೆ ರಾಯಚೂರು ಪಟ್ಟಣವೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಹರಡಿಕೊಂಡಿತ್ತು. ಒಂದೊಂದು ಚೌಕ ಒಂದೊಂದು ಮನೆ. ತಂಪಾಗಿರುವ ಮನೆ ಹಸಿರು, ಬೆಚ್ಚಗಾದದ್ದು ಹಳದಿ, ತಾಳಲಾರದ್ದು ಕೆಂಪು. ಕೋಟೆಯ ಕೆಳಗಿನ ಹಳೆಯ ಕಲ್ಲುಮನೆಗಳು ಇನ್ನೂ ಹಳದಿಯಲ್ಲೇ ಕಾಲು ಚಾಚಿಕೊಂಡಿದ್ದವು. ಊರ ಹೊರಗಿನ ಹೊಸ ಬಡಾವಣೆ, ಜನ ಗಾಜಿನ ಓಣಿ ಎಂದು ಕರೆಯುವ ಸಾಲು, ಎಲ್ಲರಿಗಿಂತ ಮೊದಲು ಕೆಂಪಾಗಿತ್ತು. ಎಲ್ಲರಿಗಿಂತ ಹೆಚ್ಚು ತಾಳಬೇಕಾದ ಓಣಿ ಅದು.

ಆ ಓಣಿಯಲ್ಲಿ ಅವಳ ಅಕ್ಕ ಶಿವಗಂಗವ್ವನ ಮನೆ ಇತ್ತು.

ಆ ವರ್ಷಗಳ ಬೇಸಿಗೆಯನ್ನು ಕಾಣದವರಿಗೆ ಸ್ವಲ್ಪ ಹೇಳಬೇಕು. ಬಿಸಿಲು ಒಂದು ಮಿತಿಯನ್ನು ದಾಟಿದ ದಿನ ಊರಿನ ಎತ್ತರದ ಕಂಬಗಳಿಂದ ಎಚ್ಚರಿಕೆಯ ಸದ್ದು ಏಳುತ್ತಿತ್ತು. ಅದಕ್ಕೆ ಸರ್ಕಾರ ಇಟ್ಟ ಹೆಸರು ಬೇರೆ. ಜನ ಅದನ್ನು ನಗಾರಿ ಎಂದರು. ನಗಾರಿ ಬಾರಿಸಿದ ಮೇಲೆ ದನ ತಿರುಗಿ ಬರುವ ಹೊತ್ತಿನವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಊರಾಚೆಯ ತಂಪುಕೇಂದ್ರದಿಂದ ನೆಲದೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿದು ಬಂದು, ಮನೆ ಮನೆಯ ಗೋಡೆಯೊಳಗೆ ಸುತ್ತಾಡಿ, ಮನೆಯ ಬಿಸಿಯನ್ನು ಹೊತ್ತುಕೊಂಡು ಹಿಂದಿರುಗುತ್ತಿತ್ತು. ಆದರೆ ನಡುಹಗಲಿನಲ್ಲಿ ಊರಿಗೆಲ್ಲ ಸಾಲುವಷ್ಟು ತಂಪು ಇರಲಿಲ್ಲ. ಸರದಿಯ ಮೇಲೆ ಕೆಲವು ಓಣಿಗಳಿಗೆ ನಿಲ್ಲಿಸಲೇಬೇಕು. ಯಾರಿಗೆ ನಿಲ್ಲಿಸುವುದು? ಯಾರ ಮನೆ ತಾಳುತ್ತದೋ ಅವರಿಗೆ.

ಮನೆ ಎಷ್ಟು ತಾಳುತ್ತದೆ ಎಂಬುದನ್ನು ಗಾಜು ಹೇಳುತ್ತಿತ್ತು. ಗೋಡೆ ಎಷ್ಟು ದಪ್ಪವಿದ್ದರೇನು, ಬಿಸಿ ಬರುವುದು ಕಿಟಕಿಯಿಂದ, ಗಾಜಿನ ಬಾಗಿಲಿನಿಂದ. ಹಾಗಾಗಿ ಪ್ರತಿ ಗಾಜಿನ ಮೂಲೆಗೂ ಅಂಗೈಯಗಲದ ಒಂದು ಚೀಟಿ ಅಂಟಿಸಿರುತ್ತಿದ್ದರು. ಚೀಟಿಯಲ್ಲಿ ಮೂರು ಅಂಕಿ. ಮೊದಲನೆಯದು ಸೋರಿಕೆ: ಹೊರಗಿನ ಬಿಸಿಗಾಳಿಯ ಕಾವು ಗಾಜಿನ ಮೂಲಕ ಎಷ್ಟು ಒಳಗೆ ಸೋರುತ್ತದೆ ಎಂಬುದು. ಎರಡನೆಯದು ಬಿಸಿಲುಪಾಲು: ಗಾಜಿನ ಮೇಲೆ ನೂರು ಪಾಲು ಬಿಸಿಲು ಬಿದ್ದರೆ ಅದರಲ್ಲಿ ಎಷ್ಟು ಪಾಲು ಬೆಳಕಿನ ಬೆನ್ನೇರಿ ಮನೆಯೊಳಗೆ ಬರುತ್ತದೆ ಎಂಬುದು. ಇವೆರಡೂ ಕಡಿಮೆಯಿದ್ದಷ್ಟು ಒಳ್ಳೆಯದು. ಇವೆರಡರಿಂದ ಲೆಕ್ಕ ಹಾಕಿ ತೆಗೆದ ಮೂರನೆಯದು ತಾಳಿಕೆ. ತಂಪು ನಿಂತ ಮೇಲೆ ಮನೆ ನಲವತ್ತು ಡಿಗ್ರಿ ಮುಟ್ಟಲು ಎಷ್ಟು ತಾಸು ಹಿಡಿಯುತ್ತದೆ ಎಂಬ ಅಂಕಿ. ಅದು ಹೆಚ್ಚಿದ್ದಷ್ಟು ಒಳ್ಳೆಯದು.

ಮೊದಲೆರಡು ಅಂಕಿಗಳನ್ನು ಯಾರೂ ಓದುತ್ತಿರಲಿಲ್ಲ. ಶಾಲೆಯ ಅಂಕಪಟ್ಟಿ ನೋಡಿದವರಿಗೆ ಹೆಚ್ಚೆಂದರೆ ಒಳ್ಳೆಯದು ಎಂಬುದು ರೂಢಿ. ಕಡಿಮೆಯಿದ್ದರೆ ಒಳ್ಳೆಯದು ಎಂಬ ಅಂಕಿ ಬಾಯಿಗೆ ಹತ್ತಲಿಲ್ಲ. ತಾಳಿಕೆ ಮಾತ್ರ ಎಲ್ಲರ ಬಾಯಿಗೂ ಬಂತು. ಹೆಣ್ಣು ಕೊಡುವವರು "ಹುಡುಗನ ಮನಿ ಎಷ್ಟು ತಾಳ್ತೈತಿ?" ಎಂದು ಕೇಳಿದರು. ಗಾಜಿನ ಓಣಿಯ ತಾಳಿಕೆ ನಾಲ್ಕು. ಊರಿನಲ್ಲೇ ದೊಡ್ಡದು. ಆ ಓಣಿಯ ಹುಡುಗರಿಗೆ ಹೆಣ್ಣು ಬೇಗ ಗೊತ್ತಾಗುತ್ತಿತ್ತು.

ಪರದೆಯ ಮೇಲೆ ಕೆಂಪು ಕಾಣುತ್ತಿದ್ದರೂ ಸರದಿ ತಪ್ಪಿಸುವಂತಿರಲಿಲ್ಲ. ಮೊದಲ ವರ್ಷ ಒಳಗಿನ ಉಷ್ಣಮಾಪಕವನ್ನೇ ನಂಬಿ ತಂಪು ಹಂಚಿದ್ದರು. ಆಗ ಅರ್ಧ ಊರು ರೊಟ್ಟಿ ಹಂಚನ್ನು ಕಾಸಿ ಉಷ್ಣಮಾಪಕದ ಮುಂದೆ ಹಿಡಿದಿತ್ತು. ಅಂದಿನಿಂದ ಕಾನೂನು ಮಾಪಕವನ್ನು ನೋಡುತ್ತದೆ, ನಂಬುವುದಿಲ್ಲ. ನಂಬುವುದು ಗಾಜಿನ ಮೇಲಿನ ಚೀಟಿಯನ್ನು.

ನೀಲಾಂಬಿಕಾಳ ಕಣ್ಣೆದುರಿಗೇ ಅಕ್ಕನ ಮನೆಯ ಚೌಕ ಕೆಂಪಿನಿಂದ ಕಡುಕೆಂಪಿಗೆ ಹೋಯಿತು. ಸರದಿ ಮುಗಿದು ತಂಪು ತಿರುಗಿ ಹರಿದಾಗ ಫೋನು ಬಂತು. ಅಕ್ಕನ ಮಗಳು ಪೂರ್ಣಿ ಅಳುತ್ತಿದ್ದಳು. ಅವಳು ಹೆರಿಗೆಗೆಂದು ತವರಿಗೆ ಬಂದವಳು, ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

"ಚಿಗವ್ವಾ, ಕೂಸು ಹಾಲು ಹಿಡೀವಲ್ದು. ಅಳಾಕೂ ವಲ್ದು. ಅವ್ವನೂ ಬಿದ್ದಾಳ."

*

ಸಂಜೆ ನೀಲಾಂಬಿಕಾ ಹೋಗುವಷ್ಟರಲ್ಲಿ ಕೂಸು ಹಾಲು ಹಿಡಿದಿತ್ತು. ಎದುರುಮನೆಯ ಖಾಜಾಬಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಪಾದ ಒರೆಸುತ್ತ ಕೂತಿದ್ದಳು. ಶಿವಗಂಗವ್ವ ಗೋಡೆಗೆ ಒರಗಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

"ನೀಲಾ, ನಿಮ್ಮ ಆಫೀಸಿನೋರು ನಮ್ಮ ಮ್ಯಾಲ ಏನರ ಸಿಟ್ಟಾಗ್ಯಾರೇನು?" ಎಂದಳು ಶಿವಗಂಗವ್ವ. "ಕಲ್ಲುಮನಿ ಮಂದಿಗೆ ಅರ್ಧ ತಾಸು ನಿಲ್ಲಸ್ತಾರ. ನಮಗ ನಾಕು ತಾಳ್ತೀರಿ ಅಂತ ಹೇಳಿ ಎರಡು ತಾಸು."

ಆ ಮನೆಯ ಗಾಜಿನ ಬಾಗಿಲು ಪಡುವಣಕ್ಕಿತ್ತು. ಸಂಜೆಯ ಬಿಸಿಲು ನಡುಮನೆಯಲ್ಲಿ ಚಾಪೆ ಹಾಸಿದಂತೆ ಬಿದ್ದಿತ್ತು. ನೀಲಾಂಬಿಕಾ ಗಾಜಿಗೆ ಅಂಗೈ ಇಟ್ಟಳು, ಅಷ್ಟೇನೂ ಬಿಸಿಯಿಲ್ಲ. ಬಗ್ಗಿ ನೆಲ ಮುಟ್ಟಿದಳು. ಒಲೆಯ ಕಟ್ಟೆಯಂತಿತ್ತು.

ಕೈ ಅಲ್ಲಿಯೇ ನಿಂತಿತು. ಸೋರಿಕೆಯ ಅಂಕಿ ನಿಜ. ಎರಡು ಪದರದ ಗಾಜು, ನಡುವೆ ಗಾಳಿ. ಕಾವನ್ನು ಅದು ತಡೆಯುತ್ತದೆ. ಆದರೆ ಬಿಸಿಲು ಕಾವಾಗಿ ಬರುವುದಿಲ್ಲ, ಬೆಳಕಾಗಿ ಬರುತ್ತದೆ. ಬಂದು ನೆಲಕ್ಕೆ ತಾಗಿ ಕಾವಾಗುತ್ತದೆ. ಆಮೇಲೆ ಅದೇ ಒಳ್ಳೆಯ ಗಾಜು ಆ ಕಾವನ್ನು ಹೊರಗೆ ಹೋಗಗೊಡುವುದಿಲ್ಲ. ಚಳಿನಾಡಿನ ಮನೆಗೆ ಇದು ವರ. ಇಲ್ಲಿ ಇಲಿಯ ಬೋನು.

ಹಾಗಾದರೆ ಬಿಸಿಲುಪಾಲು ಹದಿನೈದು ಎಂದು ಚೀಟಿಯಲ್ಲಿ ಬಂದದ್ದು ಹೇಗೆ? ಈ ನೆಲವನ್ನು ಮುಟ್ಟಿದರೆ ಅರವತ್ತಕ್ಕೆ ಕಡಿಮೆ ಇರಲಾರದು.

"ಅಕ್ಕಾ, ಗಾಜು ಅಳೆಯೋ ಯಂತ್ರ ನಿಮ್ಮ ಮನ್ಯಾಗ ಇಟ್ಟಿದ್ರಲ್ಲ. ಎಲ್ಲಿ ಇಟ್ಟಿದ್ರು?"

"ಇಲ್ಲೇ, ಗಾಜಿನ ಹಿಂದ. ಇದೊಂದು ಮನಿ ಅಳದ್ರ ಸಾಕು, ಓಣಿ ಪೂರಾ ಒಂದ ಗಾಜು ಅಂದ್ರು. ಮ್ಯಾಲ ಮಾಳಿಗಿ ಮ್ಯಾಲ ಒಂದು ಸಣ್ಣ ಡಬ್ಬಿ, ಇಲ್ಲಿ ಒಂದು ದೊಡ್ಡದು. ಮೂರು ದಿನಕ್ಕ ಬಂದು ಒಯ್ತೀವಿ ಅಂದ್ರು, ಹೋದ್ರು."

"ಆಮ್ಯಾಲೆ?"

"ಆಮ್ಯಾಲೇನು? ಹೊತ್ತು ವಾಲೂತ್ಲೆ ಅದರ ಮ್ಯಾಲ ರಣರಣ ಬಿಸಲು. ಪಾಪ, ಮಾರಿ ಕೆಂಪಗಾಗಿತ್ತು."

"ಯಾರ ಮಾರಿ?"

"ಯಂತ್ರದ್ದ. ಕೆಂಪು ದೀಪ ಇತ್ತಲ್ಲ, ಮಿಣಮಿಣ ಅಂತಿತ್ತು."

ಖಾಜಾಬಿ ನಕ್ಕಳು. "ನಿಮ್ಮಕ್ಕ ಅದಕ್ಕ ಅರಿಶಿನ ಕುಂಕುಮ ಹಚ್ಚಿದ್ಳು, ನೀಲವ್ವ. ಊಟಕ್ಕ ಕರ್ಯೋದೊಂದು ಬಾಕಿ ಇತ್ತು."

"ನೀ ಏನು ಕಮ್ಮಿ? ನಿಂಬಿ ಶರಬತ್ತು ತಂದು ಅದರ ಮುಂದ ಹಿಡಕೊಂಡು ನಿಂತಿದ್ದಿ."

"ಸಾಹೇಬ್ರಿಗೆ ತಂದಿದ್ದೆ ನಾ. ಅವ್ರು ಹೋಗಿಬಿಟ್ಟಿದ್ರು!"

"ಅಕ್ಕಾ." ನೀಲಾಂಬಿಕಾ ಅಕ್ಕನ ಕಡೆ ತಿರುಗಿದಳು. "ಬಿಸಲು ಬಿತ್ತು. ನೀ ಏನು ಮಾಡಿದಿ?"

"ಏನು ಮಾಡ್ತಾರ? ಮನಿಗೆ ಬಂದದ್ದನ್ನ ಬಿಸಲಾಗ ಕೂಡಸ್ತಾರೇನು? ಹೊರಗ ಲಾವಂಚದ ತಟ್ಟಿ ಕಟ್ಟಿದೆ. ಚೈತ್ರದಾಗ ಇನ್ನಾ ನಗಾರಿ ಸುರು ಆಗಿರಲಿಲ್ಲ, ತಾಸಿಗೊಮ್ಮೆ ಹೊರಗ ಹೋಗಿ ನೀರು ಹೊಡದೆ. ಮೂರು ದಿನ. ಒಯ್ಯಾಕ ಬಂದ ಹುಡುಗರು ಒಳಗ ಕಾಲಿಟ್ಟವ್ರ, ಏನ್ ತಂಪದ ಅಮ್ಮಾ ನಿಮ್ಮನಿ ಅಂದ್ರು. ನನಗ ಭಾಳ ಖುಷಿ ಆತು." ಶಿವಗಂಗವ್ವ ತಂಗಿಯ ಮುಖ ನೋಡಿದಳು. "ಯಾಕ? ಆಮ್ಯಾಲೆ ಚೀಟಿ ಹಚ್ಚಿದ ಮ್ಯಾಲ, ಗಾಜಿನ ಮುಂದ ಏನೂ ಕಟ್ಟಬ್ಯಾಡ್ರಿ, ತಾಳಿಕಿ ಕೆಡತೈತಿ ಅಂದ್ರು. ತೆಗದು ಮಾಳಿಗಿಗೆ ಹಾಕಿದೆ. ಅವ್ರು ಹೇಳಿದಂಗ ಕೇಳೀನಲ್ಲ ನಾ?"

ನೀಲಾಂಬಿಕಾಳಿಗೆ ಮೊದಲು ನಗು ಬಂತು. ಅದು ಹೊರಗೆ ಬರುವ ಮೊದಲೇ ಎದೆಯಲ್ಲಿ ಕಲ್ಲಾಯಿತು. ಮಾಳಿಗೆಯ ಮೇಲಿನ ಡಬ್ಬಿ ಚೈತ್ರದ ಬಿಸಿಲನ್ನೆಲ್ಲ ಎಣಿಸಿತ್ತು. ಒಳಗಿನ ಯಂತ್ರ ಒದ್ದೆ ತಟ್ಟಿಯ ನೆರಳಿನಲ್ಲಿ, ಲಾವಂಚದ ಘಮದಲ್ಲಿ, ಅತಿಥಿಯಾಗಿ ಕೂತಿತ್ತು. ಅದು ಅಳೆದದ್ದು ಗಾಜನ್ನಲ್ಲ, ಅಕ್ಕನನ್ನು. ಆ ಅಂಕಿಯನ್ನು ಓಣಿಯ ಅಷ್ಟೂ ಮನೆಗಳ ಗಾಜಿಗೆ ಅಂಟಿಸಿದ್ದರು.

ಅವಳು ನಿಧಾನವಾಗಿ ವಿವರಿಸಿದಳು. ಖಾಜಾಬಿ ನಗುವುದನ್ನು ನಿಲ್ಲಿಸಿದಳು. ಶಿವಗಂಗವ್ವ ಕೂಸಿನ ಕಡೆ ತಿರುಗಿದಳು.

"ಅಂದ್ರ ನನ್ನಿಂದನ ಆತೇನು ಇದು?"

"ಹಂಗಲ್ಲ ಅಕ್ಕಾ."

"ಮತ್ತ್ ಹೆಂಗ?"

"ತಟ್ಟಿ ಮತ್ತ ಕಟ್ಟಿದ್ರಾತಪ್ಪ," ಎಂದಳು ಖಾಜಾಬಿ.

"ನಗಾರಿ ಹೊತ್ತಿನ್ಯಾಗ ತಟ್ಟಿ ಎಷ್ಟೊತ್ತು ಹಸಿ ಇರ್ತೈತಿ, ಚಾಚಿ?" ಎಂದಳು ನೀಲಾಂಬಿಕಾ. "ನೀರು ಹೊಡದು ಒಳಗ ಬಂದು ಕೂಡೂದ್ರಾಗ ಒಣಗಿರ್ತೈತಿ. ಒಣಗಿದ ತಟ್ಟಿ ತಾನ ಕಾದು ಕಾವು ಒಳಗ ದಬ್ತೈತಿ. ಹೊಡ್ಯಾಕ ಹೊರಗ ಹೋಗೋರು ಯಾರು? ಹೋದ ವರ್ಷ ಒಣಹಾಕಿದ ಬಟ್ಟಿ ತರಾಕ ಹೋದೋರು ಅಂಗಳದಾಗ ಬಿದ್ರು."

ನೆಲದ ಮೇಲಿನ ಬಿಸಿಲು ಮೆಲ್ಲಗೆ ಉದ್ದವಾಗುತ್ತ ಕೂಸಿನ ಕಡೆಗೆ ಬಂತು. ಖಾಜಾಬಿ ಕೂಸನ್ನೆತ್ತಿಕೊಂಡು ಹಿಂದಕ್ಕೆ ಸರಿದಳು.

*

"ಅಂಕಿ ತಪ್ಪದ ಅಂತ ನೀವು ಹೇಳಿದ್ರ ನಾ ನಂಬ್ತೀನಿ, ನೀಲಾಂಬಿಕಾ," ಎಂದರು ಜಯತೀರ್ಥರು. "ಆದ್ರ ಸರದಿ ಹಾಕೋದು ನಾನಲ್ಲ, ಯಂತ್ರ. ಅದು ನಂಬೂದಿಲ್ಲ."

ಜಯತೀರ್ಥರು ತಂಪುಕೇಂದ್ರದ ಮುಖ್ಯಸ್ಥರು. ಮೆತ್ತಗಿನ ಮನುಷ್ಯ, ಯಾರಿಗಾದರೂ ಇಲ್ಲ ಎನ್ನಬೇಕಾದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಆಗ ಎದುರಿನವರ ಮುಖ ಅವರಿಗೆ ಕಾಣುತ್ತಿರಲಿಲ್ಲ. ಈಗ ಒರೆಸುತ್ತಿದ್ದರು.

"ದಾರಿ ಒಂದ ಅದ. ಮರು ಅಳತಿ. ನಗಾರಿ ದಿನ, ಮೊದಲು ಅಳದ ಅದೇ ಮನ್ಯಾಗ. ಬಾಗಲಕ್ಕ ಟೇಪು ಹಚ್ಚಿ ಮುಚ್ಚಬೇಕು. ಗಾಜಿನ ಮುಂದ ಏನೂ ಇರಬಾರದು. ತಂಪು ನಿಲ್ಲಸ್ತೀವಿ. ಎರಡು ತಾಸಿನ ಒಳಗ ಮನಿ ನಲವತ್ತು ಮುಟ್ಟಿತು ಅಂದ್ರ ಚೀಟಿ ರದ್ದು. ಅವತ್ತ ಸಂಜೀಗೆ ಓಣಿ ಪೂರಾ ಸರದಿಯಿಂದ ಹೊರಗ."

"ಮುಟ್ಟಲಿಲ್ಲಂದ್ರ?"

"ಚೀಟಿ ಖಾಯಂ. ಮುಂದಿನ ಬ್ಯಾಸಗಿ ತನಕ ಯಾರೂ ಕೇಳೂ ಹಂಗಿಲ್ಲ." ಕನ್ನಡಕದ ಇನ್ನೊಂದು ಗಾಜನ್ನು ಒರೆಸತೊಡಗಿದರು. "ಮತ್ತ, ಖಾಲಿ ಮನಿ ನಡಿಯೂದಿಲ್ಲ. ಖಾಲಿ ಮನ್ಯಾಗ ಮಂದಿ ಒಲಿ ಹಚ್ಚಿಟ್ಟು ಹೋಗಿದ್ರು, ಆವಾಗಿಂದ ಕಾಯ್ದೆ ಆಗ್ಯದ. ಮನಿ ಯಾರ ಹೆಸರಿಗದನೋ ಅವ್ರು ಒಳಗ ಕೂಡಬೇಕು. ನಿಮ್ಮಕ್ಕಗ ವಯಸ್ಸೆಷ್ಟು?"

"ಅರವತ್ತು ದಾಟ್ಯಾಳ್ರಿ."

"ಬಿಪಿ?"

"ಐತ್ರಿ."

ಜಯತೀರ್ಥರು ಕನ್ನಡಕ ಹಾಕಿಕೊಳ್ಳಲಿಲ್ಲ. "ಆಕಿ ಒಲ್ಲೆ ಅಂದ್ರ ನಾ ಏನೂ ತಪ್ಪು ತಿಳ್ಕೊಳೂದಿಲ್ಲ," ಎಂದರು.

ಶಿವಗಂಗವ್ವ ಒಲ್ಲೆ ಎನ್ನಲಿಲ್ಲ. ನೀಲಾಂಬಿಕಾ ಹೇಳಿ ಮುಗಿಸುವ ಮೊದಲೇ, "ಕೂಡ್ತೀನಿ," ಎಂದಳು. "ಶ್ರಾವಣದಾಗ ಮಠದಾಗ ಪುರಾಣ ಕೇಳ್ಕೋಂತ ಎಷ್ಟ್ ತಾಸು ಕುಂತೀನಿ. ಎರಡು ತಾಸೇನು ದೊಡ್ಡದು. ಅವತ್ತು ಅದನ್ನ ನೆರಳಾಗ ಕೂಡಸಿದೆ. ಇವತ್ತು ನಾ ಬಿಸಲಾಗ ಕೂಡ್ತೀನಿ, ಲೆಕ್ಕ ಸರಿಹೋಗ್ಲಿ."

"ಅಕ್ಕಾ, ಹಿಂಗ ಮಾತಾಡಬ್ಯಾಡ."

"ಒಂದು ಮಾತು ಕೊಡು ನೀಲಾ. ನಾ ಬಾಯಿ ಬಿಟ್ಟು ಸಾಕು ಅನ್ನೂತನಕ ನೀ ನಿಲ್ಲಸಬಾರದು."

ನೀಲಾಂಬಿಕಾ ಮಾತು ಕೊಟ್ಟಳು. ಕೊಡುವಾಗ ಅಕ್ಕನ ಕಣ್ಣು ನೋಡಲಿಲ್ಲ.

*

ನಗಾರಿ ಬಾರಿಸಿದ ದಿನ ಪೂರ್ಣಿಯನ್ನೂ ಕೂಸನ್ನೂ ಖಾಜಾಬಿಯ ಮನೆಗೆ ದಾಟಿಸಿದರು. ಆ ಸಾಲಿನ ಗಾಜು ಮೂಡಣಕ್ಕೆ. ಮಧ್ಯಾಹ್ನಕ್ಕೆ ನೆರಳು ಬೀಳುತ್ತದೆ. ಅಳತೆಯ ದಿನವೆಂದು ಉಳಿದ ಮನೆಗಳಿಗೆ ತಂಪು ಬಿಟ್ಟಿದ್ದರು. ಕೇಂದ್ರದಿಂದ ಬಂದವರು ಶಿವಗಂಗವ್ವನ ಬಾಗಿಲಿನ ಸಂದಿಗಳಿಗೆಲ್ಲ ಟೇಪು ಅಂಟಿಸಿ, ಓಣಿಯವರಿಗೆ ಕೂಗಿ ಹೇಳಿದರು: ಬಾಗಿಲು ತೆಗೆಯಬಾರದು, ಗಾಜಿಗೆ ಏನೂ ತಾಗಿಸಬಾರದು. ಹೇಳಿ ಗಾಡಿ ಹತ್ತಿ ಹೋದರು. ಒಳಗೆ ಶಿವಗಂಗವ್ವ, ಒಂದು ತಂಬಿಗೆ ನೀರು, ಕೊರಳಲ್ಲಿ ಲಿಂಗ, ಮಡಿಲಲ್ಲಿ ಫೋನು.

ನಿಯಂತ್ರಣ ಕೋಣೆಯಲ್ಲಿ ನೀಲಾಂಬಿಕಾ ಆ ಒಂದು ಚೌಕವನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡಳು. ಎಡಗಡೆ ಉಷ್ಣದ ಗೆರೆ. ಬಲಗಡೆ ಉಳಿದ ಹೊತ್ತು. ಮೇಜಿನ ಮೇಲಿನ ಫೋನಿನಿಂದ ಅಕ್ಕನ ದನಿ.

"ನೀಲಾ, ನಿನಗ ಕಾಣ್ತೀನೇನು ನಾ?"

"ಇಲ್ಲಕ್ಕಾ. ಅಂಕಿ ಅಷ್ಟ ಕಾಣ್ತೈತಿ."

"ಎಷ್ಟೈತಿ?"

"ಮೂವತ್ತೆರಡು."

"ಹಂಗಾರ ಇನ್ನಾ ನಾ ಮನುಷ್ಯಾಳಾಗೇ ಇದ್ದೀನಿ." ನಗು. "ನಿಮ್ಮ ಸಾಹೇಬ್ರಿಗೆ ಹೇಳು, ರೊಟ್ಟಿ ಬಡ್ಯಾಕ ಒಲಿ ಬ್ಯಾಡ ಇವತ್ತು."

ಜಯತೀರ್ಥರು ಹಿಂದೆ ನಿಂತಿದ್ದರು. ಅವರು ನಗಲಿಲ್ಲ.

ಹೊತ್ತು ನೆತ್ತಿಯಿಂದ ಜಾರಿತು. ಬಿಸಿಲು ಗಾಜಿನ ಮೂಲಕ ಒಳಗೆ ಬಂದದ್ದು ಗೆರೆಯಲ್ಲಿ ತಿಳಿಯಿತು; ಸಪಾಟಾಗಿದ್ದದ್ದು ತಲೆ ಎತ್ತಿತು. ಮೂವತ್ತೈದು. ಮೂವತ್ತಾರು. ಅಕ್ಕ ಮಾತು ಕಡಿಮೆ ಮಾಡಿ, ಓಂ ನಮಃ ಶಿವಾಯ ಎಂದು ಷಡಕ್ಷರಿ ಜಪಕ್ಕೆ ತೊಡಗಿದಳು. ಫೋನಿನಿಂದ ಅದು ಮೆಲ್ಲಗೆ, ಒಂದೇ ಸಮ, ಬೀಸುವ ಕಲ್ಲಿನ ಸದ್ದಿನಂತೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕನ ಬೆನ್ನಿಗಂಟಿ ಮಲಗಿ ಕೇಳಿದ ಜಪ. ಅದನ್ನು ಕೇಳುತ್ತಲೇ ಅವಳು ನಿದ್ದೆ ಹೋಗುತ್ತಿದ್ದಳು. ಇಂದು ಅದರ ಒಂದೊಂದು ಅಕ್ಷರಕ್ಕೂ ಕಿವಿಗೊಟ್ಟು ಕೂತಳು. ಪರದೆಯ ಅಂಕಿಗಿಂತ ಆ ಸದ್ದೇ ಅವಳಿಗೆ ನಿಜವಾದ ಮಾಪಕವಾಯಿತು.

ಮೂವತ್ತೆಂಟು ದಾಟಿದಾಗ ಅಕ್ಷರಗಳ ನಡುವೆ ಉಸಿರು ಕೇಳತೊಡಗಿತು.

"ಅಕ್ಕಾ, ನೀರು ಕುಡಿ."

"ಹೂಂ."

"ಸಾಕೇನು?"

"ಕೂಸು… ಹಾಲು ಕುಡೀತೇನು?"

"ಕುಡದೈತಿ ಅಕ್ಕಾ. ಚಾಚಿ ಕಡೆ ಐತಿ. ಸಾಕಂದ್ರ ಅನ್ನು."

ಜಪ ಮತ್ತೆ ಹಿಡಿಯಿತು. ಆದರೆ ಈಗ ಆರು ಅಕ್ಷರಗಳಲ್ಲಿ ನಾಲ್ಕೇ ಕೇಳುತ್ತಿದ್ದವು.

ಮೂವತ್ತೊಂಬತ್ತು. ಉಳಿದದ್ದು ಅರ್ಧ ತಾಸಿಗೆ ಸ್ವಲ್ಪ ಹೆಚ್ಚು. ಗೆರೆ ಇದೇ ಓಟದಲ್ಲಿ ಹೋದರೆ ಹತ್ತು ನಿಮಿಷದಲ್ಲಿ ನಲವತ್ತು ಮುಟ್ಟುತ್ತದೆ. ನೀಲಾಂಬಿಕಾ ತನಗೇ ತಿಳಿಯದೆ ಗೆರೆಯನ್ನು ಕಣ್ಣಿನಿಂದ ಮೇಲಕ್ಕೆ ನೂಕುತ್ತಿದ್ದಳು. ಅಕ್ಕ ಬೇಗ ಬೇಯಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಹೊಳೆದಾಗ ಪರದೆಯಿಂದ ನೋಟ ಕಿತ್ತುಕೊಂಡಳು.

"ನಿಲ್ಲಸೂಣೇನು?" ಜಯತೀರ್ಥರ ದನಿ ಸಣ್ಣಗಿತ್ತು.

"ಮಾತು ಕೊಟ್ಟೀನ್ರಿ ಸರ್."

ಮೂವತ್ತೊಂಬತ್ತೂವರೆ. ಜಪ ಎರಡು ಅಕ್ಷರಕ್ಕೆ ಇಳಿಯಿತು. ಆಮೇಲೆ ಒಂದು. ನೀಲಾಂಬಿಕಾ ತಂಪು ಬಿಡುವ ಗುಂಡಿಯ ಮೇಲೆ ಬೆರಳಿಟ್ಟಳು. ಮಾತು ಮುರಿಯಲು ಇನ್ನೊಂದು ಉಸಿರಿನಷ್ಟೇ ಬಾಕಿ ಇತ್ತು.

ಆಗ ಗೆರೆ ಬಾಗಿತು.

ಮೂವತ್ತೊಂಬತ್ತೂವರೆ ಇದ್ದದ್ದು ಅಲ್ಲಿಯೇ ನಿಂತು, ನೋಡುನೋಡುತ್ತಲೇ ಒಂದೆಳೆ ಕೆಳಕ್ಕೆ ಬಂತು. ಮತ್ತೊಂದೆಳೆ. ಜಯತೀರ್ಥರು ಮುಂದಕ್ಕೆ ಬಗ್ಗಿದರು. ಮಾಳಿಗೆಯ ಮೇಲಿನ ಡಬ್ಬಿಯ ಅಂಕಿ ಬದಲಾಗಿರಲಿಲ್ಲ, ಆಕಾಶದಲ್ಲಿ ಮೋಡವಿಲ್ಲ. ತಂಪಿನ ಕೊಳವೆ ಮುಚ್ಚಿಯೇ ಇತ್ತು. ಬಾಗಿಲು ತೆಗೆದಿದ್ದರೆ ಹೊರಗಿನ ಬಿಸಿಗಾಳಿಗೆ ಗೆರೆ ಮೇಲೇರಬೇಕಿತ್ತು. ಇದು ಬೇರೆ. ಈ ಬಾಗು ನೀಲಾಂಬಿಕಾಳಿಗೆ ಗೊತ್ತಿತ್ತು. ಚೈತ್ರದ ಆ ಮೂರು ದಿನಗಳ ಅಳತೆಯನ್ನು ಅವಳು ಕಳೆದ ವಾರವಿಡೀ ತೆರೆದು ನೋಡಿದ್ದಳು. ತಾಸಿಗೊಮ್ಮೆ ನೀರು ಹೊಡೆದಾಗ ಗೆರೆ ಹೀಗೆಯೇ, ತಲೆ ತಗ್ಗಿಸಿದಂತೆ, ಬಾಗುತ್ತಿತ್ತು.

ಇನ್ನೊಂದು ಫೋನು ಎತ್ತಿ ಖಾಜಾಬಿಗೆ ಹಚ್ಚಿದಳು. ಬಹಳ ಹೊತ್ತು ಬಾರಿಸಿತು. ಎತ್ತಿದಾಗ ಮೊದಲು ಕೇಳಿದ್ದು ಏದುಸಿರು.

"ಚಾಚಿ, ಎಲ್ಲಿದ್ದೀರಿ?"

"ಎಲ್ಲಿರ್ತೀನಿ? ನಿಮ್ಮಕ್ಕನ ಅಂಗಳದಾಗ." ಬಕೆಟ್ಟು ನೆಲಕ್ಕಿಟ್ಟ ಸದ್ದು.

"ತಟ್ಟಿ ಕಟ್ಟೀರೇನು?"

"ಕಟ್ಟೀನಿ, ಹೊರಗಿನ ಮೆಟ್ಟಲ ಹತ್ತಿ ಮಾಳಿಗಿಂದ ಇಳಸ್ಕೊಂಡು. ಬಾಗಲ ತೆಗೀಬಾರದು ಅಂದ್ರಿ, ತೆಗದಿಲ್ಲ. ಗಾಜಿಗೆ ತಾಗಸಬಾರದು ಅಂದ್ರಿ, ತಾಗಸಿಲ್ಲ. ಸೂರಿನ ಕಬ್ಬಿಣಕ್ಕ ಕಟ್ಟೀನಿ, ಗೇಣು ದೂರ ಐತಿ. ನಿಮ್ಮ ಕಾಯ್ದೆ ಮುರದಿಲ್ಲ ನಾ."

"ಚಾಚಿ…"

"ನಮ್ಮ ಕಿಟಕಿಯಿಂದ ಕಾಣ್ತಿದ್ಳು, ನೀಲವ್ವ. ಮೊದಲು ನೆಟ್ಟಗ ಕುಂತಿದ್ಳು. ಆಮ್ಯಾಲೆ ಗ್ವಾಡಿಗೆ ಒರಗಿದ್ಳು. ಆಮ್ಯಾಲೆ ಸೆರಗು ಜಾರಿತು, ಎತ್ತಿಕೊಳ್ಳಲಿಲ್ಲ. ನಿಮ್ಮಕ್ಕ ಯಾವತ್ತರ ಸೆರಗು ಜಾರಿದ್ದು ಎತ್ತಿಕೊಳ್ಳಲಾರದ ಕುಂತಿದ್ದು ನೋಡೀರೇನು ನೀವು?"

ಮೂವತ್ತೊಂಬತ್ತು. ಅದಕ್ಕೂ ಕೆಳಗೆ. ಉಳಿದದ್ದು ಅರ್ಧ ತಾಸಿಗೂ ಕಡಿಮೆ. ನೀಲಾಂಬಿಕಾ ಬೆವರಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಲೆಕ್ಕ ತಾನಾಗಿಯೇ ತಲೆಯಲ್ಲಿ ನಡೆಯುತ್ತಿತ್ತು. ತಟ್ಟಿ ಈಗಿಂದೀಗ ಕೆಳಗಿಳಿದರೆ ನೆಲ ಮತ್ತೆ ಕಾಯುತ್ತದೆ, ಗೆರೆ ಮತ್ತೆ ಏರುತ್ತದೆ, ಹೊತ್ತು ಮುಗಿಯುವುದರೊಳಗೆ ನಲವತ್ತು ಮುಟ್ಟುತ್ತದೆ. ನಡುವಿನ ಈ ತಗ್ಗನ್ನು ಯಂತ್ರ ಕೇಳುವುದಿಲ್ಲ. ಅದು ಕೇಳುವುದು ಮುಟ್ಟಿತೋ ಇಲ್ಲವೋ ಎಂದಷ್ಟೆ. ತಟ್ಟಿ ಅಲ್ಲಿಯೇ ಇದ್ದರೆ ತಾಳಿಕೆ ನಾಲ್ಕು ಖಾಯಂ. ನಾಳೆ ಎರಡು ತಾಸು, ನಾಡಿದ್ದು ಎರಡು ತಾಸು, ಬೇಸಿಗೆ ಮುಗಿಯುವತನಕ. ಪೂರ್ಣಿಯ ಕೂಸು. ಓಣಿಯ ಅಷ್ಟೂ ಮನೆ.

ಅವಳು ಜಯತೀರ್ಥರ ಕಡೆ ತಿರುಗಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಪರದೆ ಅವರಿಗೆ ಕಾಣುತ್ತಿರಲಿಲ್ಲ.

ಎದುರಿನ ಫೋನಿನಲ್ಲಿ ಜಪ ಮತ್ತೆ ಕೇಳಿಸಿತು. ಒಂದು ಅಕ್ಷರವಿದ್ದದ್ದು ಮೂರಾಯಿತು. ಮೂರಿದ್ದದ್ದು ಐದಾಯಿತು. ಗೆರೆ ಒಂದೊಂದು ಎಳೆ ಇಳಿದಂತೆ ಅಕ್ಕನ ದನಿ ಒಂದೊಂದು ಎಳೆ ಏರುತ್ತಿತ್ತು.

ನೀಲಾಂಬಿಕಾ ಆ ಫೋನಿನ ಮೇಲೆ ಅಂಗೈ ಮುಚ್ಚಿದಳು. ಮುಚ್ಚಿದರೂ ಕೇಳುತ್ತಿತ್ತು.

"ಚಾಚಿ," ಎಂದಳು. "ಆಕಿ ನನ್ನ ಕಡಿಂದ ಮಾತು ತಗೊಂಡಾಳ. ಇನ್ನ ಸ್ವಲ್ಪ ಹೊತ್ತು ಐತಿ. ಅಷ್ಟು ತಾಳಿದ್ರ ಓಣಿ ಉಳೀತೈತಿ. ನಿಮ್ಮ ಮನೀನೂ ಉಳೀತೈತಿ. ಕೈ ಮುಗೀತೀನಿ, ತಟ್ಟಿ ತೆಗೀರಿ."

ಆ ಕಡೆ ಗಾಳಿಯ ಸದ್ದು. ದೂರದಲ್ಲಿ, ಎದುರು ಸಾಲಿನ ಯಾವುದೋ ಕೋಣೆಯಲ್ಲಿ, ಕೂಸು ಜೋರಾಗಿ ಅಳುತ್ತಿತ್ತು. ಬಕೆಟ್ಟಿನಲ್ಲಿ ತಂಬಿಗೆ ಮುಳುಗಿತು, ಎದ್ದಿತು. ಒಣ ಬೇರಿನ ಮೇಲೆ ನೀರು ಬಿದ್ದು ಚುರ್ ಎಂದಿತು.

"ತೆಗ್ಯಂಗಿಲ್ಲ," ಎಂದಳು ಖಾಜಾಬಿ.